ಮಗ್ಗ ನೋಡಲು ಗುಡ್ಡ ಹತ್ತುವವರು

ಬೆನ್ನಿಗೊಂದು ಚೀಲ, ಕಾಲಿಗೆ ಗಟ್ಟಿ ಬೂಟು, ದಾರಿ ತೋರಿಸಲು ಊರಿನವನೇ ಒಬ್ಬ ಹುಡುಗ. ಗುಡ್ಡ ಹತ್ತಿ ಇಳಿದರೆ ಒಂದು ಹಳ್ಳಿ, ಹಳ್ಳಿಯಲ್ಲೊಂದು ಮಣ್ಣಿನ ಮನೆ, ಮನೆಯೊಳಗೆ ಮಗ್ಗ, ಮಗ್ಗದ ಮುಂದೆ ಸುಕ್ಕುಗಟ್ಟಿದ ಕೈಗಳ ಮುದುಕಿ. ಹಿಮಾಲಯದಿಂದ ಹಿಡಿದು ಪೆರುವಿನ ಆಂಡಿಸ್ ಪರ್ವತದವರೆಗೆ ಇಂಥ ನಡಿಗೆಗಳಿಗೆ ಈಗ ಗಿರಾಕಿಗಳಿದ್ದಾರೆ. ನಮ್ಮಲ್ಲೂ ವಾರಾಂತ್ಯದ ಚಾರಣಕ್ಕೆ ನೇಕಾರರ ಮನೆ ಭೇಟಿಯನ್ನು ಸೇರಿಸಿ ಕರೆದೊಯ್ಯುವ ಹುಕಿ ಶುರುವಾಗಿದೆ. ಹೋಗುವವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ತಕರಾರು ಇರುವುದು ಅವರ ನೋಟದ ಬಗ್ಗೆ. ಅವರು ಕೈಯನ್ನು ನೋಡಿ ಬೆರಗಾಗುತ್ತಾರೆ; ಆ ಕೈಗೆ ನೂಲು ಎಲ್ಲಿಂದ ಬಂತು, ಕೈ ನೇಯ್ದದ್ದನ್ನು ಯಾರು ಉಡುತ್ತಾರೆ ಎಂದು ಕೇಳುವುದಿಲ್ಲ. ನೇಕಾರಿಕೆಯ ಅಳಿವು ಉಳಿವು ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ.

ಸಿಂಧನೂರು ತಾಲ್ಲೂಕಿನ ಮುಕ್ಕುಂದದಿಂದ ಇಂಥದೊಂದು ನಡಿಗೆ ಹೊರಟಿತು ಅನ್ನಿ. ಪಕ್ಕದಲ್ಲೇ ತುಂಗಭದ್ರೆ. ಹೊಳೆಯ ಆಚೆ ಸಿರುಗುಪ್ಪ ಸೀಮೆ, ಈಚೆ ಭತ್ತದ ಗದ್ದೆ. ಎರಡು ಹೊಳೆಗಳ ನಡುವಿನ ಈ ಎಡದೊರೆ ನಾಡಿನಲ್ಲಿ ಹತ್ತಲು ಗುಡ್ಡಗಳಿಗೇನೂ ಬರವಿಲ್ಲ. ಮಸ್ಕಿಯ ದುರುಗದ ಗುಡ್ಡವಿದೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯಲ್ಲೇ. ಮುದಗಲ್ಲಿನ ಕೋಟೆ ಇದೆ. ಅದರ ಹತ್ತಿರದ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದು ತೆಗೆದ ನವಶಿಲಾಯುಗದ ನೆಲೆ ಇದೆ. ದನಗಾಹಿಗಳು ದೊಡ್ಡಿ ಕಟ್ಟಿ, ಸಗಣಿ ಸುಟ್ಟು ಬಿಟ್ಟುಹೋದ ಬೂದಿ ಇದೆ. ಎಲ್ಲ ಕಡೆಯೂ ಬೋಳು ಕಲ್ಲಿನ, ಉರುಟು ಬಂಡೆಗಳ ಗುಡ್ಡಗಳು. ಬೆಳಗಿನ ಜಾವ ಹತ್ತಲು ಸೊಗಸು. ಆದರೆ ಗುಡ್ಡದಾಚೆಯ ಹಳ್ಳಿಯಲ್ಲಿ ಮಗ್ಗ ಹುಡುಕಿದರೆ ಸಿಗುವುದು ಟ್ರ್ಯಾಕ್ಟರು ಮತ್ತು ಗೊಬ್ಬರದ ಚೀಲ.

ಹಾಗಾದರೆ ಇಲ್ಲಿ ನೋಡಲು ಏನೂ ಇಲ್ಲವೇ? ಇದೆ. ಮಗ್ಗ ಯಾಕಿಲ್ಲ ಎಂಬುದನ್ನು ನೋಡಬಹುದು. ಅದಕ್ಕೆ ಕುರಿಯ ಹಿಂದೆ ನಡೆಯಬೇಕು.

ಕಂಬಳಿ ಬಯಲುಸೀಮೆಯ ಬಟ್ಟೆ. ಕುರಿಗಾರನಿಗೆ ಅದೇ ಹಾಸಿಗೆ, ಅದೇ ಹೊದಿಕೆ, ಮಳೆಗೆ ತಲೆಯ ಮೇಲಿನ ಕೊಪ್ಪೆ. ಬೀರಪ್ಪನ ಪೂಜೆಗೂ ಮದುವೆಯ ಗದ್ದುಗೆಗೂ ಅದು ಬೇಕು. ಅದು ಹುಟ್ಟುವುದು ದಖನಿ ತಳಿಯ ಕರಿ ಕುರಿಯ ಒರಟು ಉಣ್ಣೆಯಿಂದ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಬೇಕು, ಹಿಂಜಬೇಕು, ಹೆಂಗಸರು ಅದನ್ನು ನೂಲಬೇಕು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸಬೇಕು, ಆಮೇಲೆ ಕುಣಿ ಮಗ್ಗ. ಹುಣಸೆಬೀಜದ ಗಂಜಿ ಉಂಡ ಕಂಬಳಿ ಹೊಸದರಲ್ಲಿ ತಗಡಿನ ಹಾಗೆ ನಿಲ್ಲುತ್ತದೆ, ಮಳೆಹನಿ ಅದರ ಮೇಲೆ ಜಾರುತ್ತದೆ. ಇಂಥ ಕಂಬಳಿಗೆ ಬೇಕಾದದ್ದು ಒಣನೆಲ, ಬೀಳು, ಗೋಮಾಳ, ಸುಗ್ಗಿ ಮುಗಿದ ಮೇಲೆ ಖಾಲಿ ಬೀಳುವ ಎರೆಹೊಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಈ ಭಾಗದ ಹೊಲ ಗದ್ದೆಯಾಯಿತು. ನೀರು ಸರಿಯಾಗಿ ಸಿಕ್ಕ ವರ್ಷ ಎರಡು ಬೆಳೆ. ಕುರಿ ಹಾಯಲು ತೆರಪಿಲ್ಲ. ಕೆಸರು ಉಣ್ಣೆಗುರಿಯ ಗೊರಸಿಗೂ ಒಗ್ಗುವುದಿಲ್ಲ.

ರಾಯಚೂರು, ಕೊಪ್ಪಳ ಕಡೆಯ ಸ್ವಂತ ತಳಿಯೆಂದರೆ ಕೆಂಗುರಿ. ಕೆಂಪು ಮೈಬಣ್ಣ, ಎತ್ತರದ ಕಾಲು, ಒಳ್ಳೆಯ ತೂಕ. ಮೈಮೇಲೆ ಇರುವುದು ಕೂದಲು, ನೂಲಲು ಬರುವ ಉಣ್ಣೆ ಅಲ್ಲ. ಅದನ್ನು ಸಾಕುವುದು ಮಾಂಸಕ್ಕೆ. ಇಂಥ ತಳಿ ಇಲ್ಲಿ ಮೊದಲಿನಿಂದಲೂ ಇತ್ತು. ಹೊಸದೇನೆಂದರೆ ದಖ್ಖನ್ನಿನ ಉದ್ದಗಲಕ್ಕೂ ಉಣ್ಣೆಯ ಕುರಿ ಸಾಕುತ್ತಿದ್ದವರೂ ಮಾಂಸದ ಕುರಿಯತ್ತ ಸರಿದಿರುವುದು. ಕಾರಣ ಕೇಳಿದರೆ ಕುರಿಗಾರರು ಲೆಕ್ಕ ಒಪ್ಪಿಸುತ್ತಾರೆ: ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ಟಗರು ಮಾರಿದರೆ ಮಗಳ ಮದುವೆ ಆಗುತ್ತದೆ. ಈ ಲೆಕ್ಕಕ್ಕೆ ಎದುರು ಆಡಲು ಯಾರಿಗೆ ಬಾಯಿದೆ? ಕಾಲುವೆಯನ್ನೂ ನಾನು ಹಳಿಯಲಾರೆ. ಬರಗಾಲದ ಸೀಮೆಗೆ ಅನ್ನ ಕೊಟ್ಟ ನೀರು ಅದು. ಕಂಬಳಿ ಉಳಿಯಲೆಂದು ಹೊಲ ಒಣಗಲಿ ಎನ್ನುವವರು ಹಾಗೆನ್ನುವ ಮೊದಲು ಒಂದು ಬೇಸಿಗೆಯನ್ನು ಕಾಲುವೆಯ ಕೊನೆಯ ಭಾಗದ ಊರುಗಳಲ್ಲಿ ಕಳೆದು ಬರಲಿ.

ಕಾನೂನು ಏನು ಮಾಡಿತು ನೋಡಿ. 1985ರಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ತಂದಿತು. ಮೊದಲು 22 ಬಗೆಗಳಿದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಆ 11ರಲ್ಲಿ ಸೀರೆಯ ಜೊತೆ ಕಂಬಳಿಯೂ ಇದೆ. ಅಂದರೆ ವಿದ್ಯುತ್ ಮಗ್ಗದವನು ಕಂಬಳಿ ನೇಯುವ ಹಾಗಿಲ್ಲ. ಸರಿ. ಆದರೆ ಉಣ್ಣೆಗೆ, ಉಣ್ಣೆ ಹೊತ್ತ ಕುರಿಗೆ, ಕುರಿ ಮೇಯುವ ಗೋಮಾಳಕ್ಕೆ ಆ ಕಾಯ್ದೆಯಲ್ಲಿ ಒಂದು ಮಾತೂ ಇಲ್ಲ. ಮಗ್ಗ ಕಾಯ್ದವರು ನೂಲನ್ನು ಮರೆತರು. ನಮ್ಮ ಚಾರಣಿಗರ ಮರೆವೂ ಇದೇ ಜಾತಿಯದು. ಅವರನ್ನು ದೂರುವಾಗ ಸರ್ಕಾರವನ್ನು ಬಿಟ್ಟುಬಿಡಲು ಬರುವುದಿಲ್ಲ.

ಮಗ್ಗ ನೋಡಲೇಬೇಕೆಂದರೆ ಲಿಂಗಸುಗೂರಿನಿಂದ ಮುದಗಲ್ ದಾಟಿ ಇಳಕಲ್ಲಿಗೆ ಹೋಗಬೇಕು. ಅದು ಗುಡ್ಡದ ಹಳ್ಳಿಯಲ್ಲ, ಪೇಟೆ. ಗುಳೇದಗುಡ್ಡವೂ ಪೇಟೆ, ಗಜೇಂದ್ರಗಡವೂ ಪೇಟೆ. ಖಣ, ಸೀರೆ, ಪಟ್ಟೇದಂಚು ನೇಯುತ್ತ ಬಂದವರು ಸಂತೆಗೆ, ಬಣ್ಣದವನಿಗೆ, ಸಾವಕಾರನಿಗೆ ಹತ್ತಿರವೇ ಇದ್ದವರು. ನೇಕಾರನೆಂದರೆ ಜಗತ್ತಿನಿಂದ ದೂರ, ಕಾಡಿನ ಅಂಚಿನಲ್ಲಿ, ಕಾಲ ತಟ್ಟದ ಹಾಗೆ ಕುಳಿತಿರುವವನು ಎಂಬ ಕಲ್ಪನೆ ಉತ್ತರ ಕರ್ನಾಟಕದ ಮಟ್ಟಿಗಂತೂ ಸುಳ್ಳು. ದೂರದ ಹಳ್ಳಿಯಷ್ಟೇ ಅಸಲಿ ಎಂಬ ಹಟ ಹಿಡಿದವನಿಗೆ ಇಳಕಲ್ಲಿನ ಗಲ್ಲಿ ರುಚಿಸುವುದಿಲ್ಲ. ಅಲ್ಲಿ ಚರಂಡಿ ಇದೆ, ಬೈಕು ಇದೆ, ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗ ಗಡಗಡಿಸುತ್ತಿದೆ. ಫೋಟೊ ಚೆನ್ನಾಗಿ ಬರುವುದಿಲ್ಲ.

ಆದರೆ ಕಲಿಯಬೇಕಾದದ್ದು ಆ ಗಲ್ಲಿಯಲ್ಲೇ ಇದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ ಅಥವಾ ಕೃತಕ ರೇಷ್ಮೆ. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲಿನ ಎಳೆಯನ್ನು ಮಡಿಸಿ ಕುಣಿಕೆ ಮಾಡಿ, ಅದರೊಳಗೆ ಸೆರಗಿನ ಎಳೆ ತೂರಿಸಿ ಹಿಂದಕ್ಕೆ ತರುವುದು. ಒಂದಾದ ಮೇಲೆ ಇನ್ನೊಂದು, ಹಾಸಿನಲ್ಲಿ ಎಷ್ಟು ಎಳೆಗಳಿವೆಯೋ ಅಷ್ಟೂ. ತೋಪುತೆನೆ ಸೆರಗು ಹುಟ್ಟುವುದು ಈ ಜೋಡಣೆಯಿಂದ. ಹೀಗಾಗಿ ಅಸಲು ಇಳಕಲ್ಲಿಗೆ ಪ್ರತಿ ಸೀರೆಗೂ ಹೊಸ ಹಾಸು ಹೂಡಬೇಕು. ಗಿರಣಿಯ ಹಾಗೆ ಉದ್ದಕ್ಕೆ ಹಾಸು ಸುತ್ತಿಟ್ಟು ಒಂದರ ಹಿಂದೊಂದು ಸೀರೆ ಕತ್ತರಿಸಲು ಬರುವುದಿಲ್ಲ. ಕೊಂಡಿ ಹಾಕುವ ಹೊತ್ತಿನಲ್ಲಿ ಮಗ್ಗದಿಂದ ಸದ್ದಿಲ್ಲ, ಲಾಳಿ ಓಡುವುದಿಲ್ಲ. ಬಂದವರು ಹತ್ತು ನಿಮಿಷ ಕಾದು ‘ಇನ್ನೂ ಶುರು ಆಗಿಲ್ಲವಾ’ ಎಂದು ಕೇಳುತ್ತಾರೆ. ಕೆಲಸದ ಬಹುಪಾಲು ಆಗಲೇ ಆಗುತ್ತಿರುತ್ತದೆ. ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಕೊಂಡಿ ಹಾಕುವುದು, ಹೆಚ್ಚಿನ ಮನೆಗಳಲ್ಲಿ ಇದೆಲ್ಲ ಹೆಂಗಸರ ಪಾಲು. ಮಕ್ಕಳೂ ಮುದುಕರೂ ಕೈಹಚ್ಚುತ್ತಾರೆ. ಮಜೂರಿ ಬರುವುದು ಸೀರೆಗೆ ಇಷ್ಟು ಎಂದು, ಅದು ಸಲ್ಲುವುದು ಮಗ್ಗದಲ್ಲಿ ಕುಳಿತವನ ಹೆಸರಿಗೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2019–20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ಭಾರತದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ. ಅವರಲ್ಲಿ ನೂರಕ್ಕೆ 72 ಜನ ಹೆಂಗಸರು. ಇವರ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡರಷ್ಟು ತಿಂಗಳಿಗೆ 5000 ರೂಪಾಯಿಗಿಂತ ಕಡಿಮೆ ಗಳಿಸುತ್ತವೆ. ಅದಕ್ಕೂ ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಕೆಲಸಗಾರರ ಸಂಖ್ಯೆ 43.31 ಲಕ್ಷವಿತ್ತು. ಆ ಹತ್ತು ವರ್ಷಗಳಲ್ಲಿ ಕೈಮಗ್ಗಕ್ಕೆ ಹೊಗಳಿಕೆಯ ಕೊರತೆ ಇರಲಿಲ್ಲ. ಆಗಸ್ಟ್ 7ನ್ನು ಕೈಮಗ್ಗ ದಿನ ಎಂದು 2015ರಿಂದ ಆಚರಿಸುತ್ತಿದ್ದೇವೆ. ಫ್ಯಾಷನ್ ಶೋ, ಮೇಳ, ಸಾಕ್ಷ್ಯಚಿತ್ರ, ಎಲ್ಲ ಬಂದವು. ಹೊಗಳಿಕೆ ಏರಿತು, ಮಂದಿ ಇಳಿದರು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ದಾಟಿ ಹೋಗುವಂತಿಲ್ಲ. ನೋಡಲು ಬಂದವರೇ ನಾಳೆ ಕೊಳ್ಳುವವರು. ಕಣ್ಣಿಗೆ ಬೀಳದ್ದನ್ನು ಯಾರು ಕೊಳ್ಳುತ್ತಾರೆ? ಸಂಡೂರನ್ನು ನೋಡಿ ಎನ್ನುತ್ತಾರೆ. ಗುಡ್ಡ, ಹಳ್ಳಿ, ಕಸೂತಿ ಮೂರೂ ಒಟ್ಟಿಗೆ ಸಿಗುವ ಜಾಗ ನಮ್ಮ ಕಡೆ ಇದ್ದರೆ ಅದು ಸಂಡೂರೇ. ಅಲ್ಲಿನ ತಾಂಡಾಗಳ ಲಂಬಾಣಿ ಹೆಂಗಸರು ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ನಾಲ್ಕು ದಶಕಗಳಿಂದ ಕಸೂತಿ ಮಾರುತ್ತಿದ್ದಾರೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20ರ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರ ಕೈಯ 1755 ಕಸೂತಿ ತುಣುಕುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ನಾನು ಆ ದಾಖಲೆಯನ್ನು ಹಗುರ ಮಾಡುವುದಿಲ್ಲ. ಆದರೆ ಸಂಡೂರನ್ನು ನಿಲ್ಲಿಸಿದ್ದು ಆ ಒಂದು ದಿನದ ಪ್ರದರ್ಶನವೂ ಅಲ್ಲ, ದಾರಿಹೋಕರ ಚಪ್ಪಾಳೆಯೂ ಅಲ್ಲ. ಬಟ್ಟೆ, ದಾರ, ವಿನ್ಯಾಸ ತಂದುಕೊಟ್ಟು, ಹಾಕಿದ ಹೊಲಿಗೆಗೆ ದುಡ್ಡು ಕೊಟ್ಟು, ಮಾರುವ ಹೊಣೆಯನ್ನು ತಾನೇ ಹೊತ್ತ ಒಂದು ಸಂಸ್ಥೆ ಅಲ್ಲಿದೆ. ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲೂ ತಾಂಡಾಗಳಿಗೆ ಲೆಕ್ಕವಿಲ್ಲ. ಅಲ್ಲಿಯ ಅಜ್ಜಿಯರ ಪೇಟಿಯಾ ಲಂಗ, ಕಾಂಚಳಿ ಕುಪ್ಪಸದ ಮೇಲೂ ಅದೇ ಕಸೂತಿ, ಅದೇ ಕನ್ನಡಿ. ಆದರೆ ಅವರ ಸೊಸೆಯಂದಿರು ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ಇಟ್ಟಿಗೆ, ಸಿಮೆಂಟು ಹೊರುತ್ತಾರೆ. ಕೈ ಅದೇ, ಕಸುಬೂ ಅದೇ. ಇಲ್ಲದಿರುವುದು ತಿಂಗಳ ಕೊನೆಗೆ ದುಡ್ಡು ಕೊಡುವ ಏರ್ಪಾಡು.

ಪೆರುವಿನ ಉದಾಹರಣೆಯೂ ಇದಕ್ಕೆ ಒದಗುತ್ತದೆ. ಕುಸ್ಕೊ ಸುತ್ತಿನ ಎತ್ತರದ ಹಳ್ಳಿಗಳಲ್ಲಿ ನೇಕಾರಿಕೆ ನೋಡಲು ಪ್ರವಾಸಿಗರು ಹಿಂಡುಗಟ್ಟಿ ಬರುತ್ತಾರೆ. ಅಲ್ಲಿ 1996ರಲ್ಲಿ ನೇಕಾರ್ತಿಯೇ ಆದ ನಿಲ್ಡಾ ಕಾಯಾನಾವುಪಾ ಮುಂದೆ ನಿಂತು ಕಟ್ಟಿದ ಸಾಂಪ್ರದಾಯಿಕ ಜವಳಿ ಕೇಂದ್ರ ಇಂದಿಗೂ ನಡೆಯುತ್ತಿದೆ. ಪ್ರವಾಸಿಗರಿಂದ ಅದಕ್ಕೆ ಲಾಭವಾಗಿದೆ, ನಿಜ. ಅಲ್ಲಿಯ ಕುರಿ, ಅಲ್ಪಾಕಾಗಳ ಉಣ್ಣೆ ಆ ಬೆಟ್ಟಗಳದೇ, ನೂಲುವವರು ಅವರೇ, ಬಣ್ಣ ಕಟ್ಟುವ ಗಿಡ ಅಲ್ಲಿಯದು, ಕುಸ್ಕೊ ಪೇಟೆಯ ಅಂಗಡಿಯೂ ಕೇಂದ್ರದ್ದೇ. ಇಂಥ ಕಡೆ ಪ್ರವಾಸಿ ಬಂದರೆ ಅವನ ದುಡ್ಡು ಕುರಿಯವರೆಗೂ ಹರಿಯುತ್ತದೆ. ನೂಲೂ ಅಂಗಡಿಯೂ ಪರರ ಕೈಯಲ್ಲಿರುವ ಕಡೆ ಅದೇ ಪ್ರವಾಸಿ ಬಂದರೆ ಹೆಚ್ಚೆಂದರೆ ಚಹಾದ ದುಡ್ಡು ಉಳಿದೀತು.

ನಮ್ಮದೇ ಮಲೆನಾಡಿನಲ್ಲಿ ಸಾಗರದ ಹತ್ತಿರ ಭೀಮನಕೋಣೆಯಲ್ಲಿ ‘ಚರಕ’ವಿದೆ. ಸುತ್ತಲಿನ ಹಳ್ಳಿಯ ಹೆಂಗಸರದೇ ಸಹಕಾರ ಸಂಘ. ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ಬಣ್ಣ ಕಟ್ಟುತ್ತಾರೆ, ನೇಯುತ್ತಾರೆ, ಹೊಲಿಯುತ್ತಾರೆ, ‘ದೇಸಿ’ ಅಂಗಡಿಗಳಲ್ಲಿ ಮಾರುತ್ತಾರೆ. ಅದರ ಬೆನ್ನಿಗೆ ನಿಂತ ರಂಗಕರ್ಮಿ ಪ್ರಸನ್ನ 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಇರಬಾರದೆಂದು ಬೆಂಗಳೂರಿನಲ್ಲಿ ಉಪವಾಸ ಕುಳಿತರು. ಗುಡ್ಡದ ಊರಿನ ನೇಕಾರ್ತಿಯ ಸಂಕಟ ದಿಲ್ಲಿಯ ತೆರಿಗೆ ಕೋಷ್ಟಕದಲ್ಲೂ ಇದೆ ಎಂದು ಆಗ ಬಹಳ ಜನಕ್ಕೆ ಮೊದಲ ಬಾರಿ ತಿಳಿಯಿತು. ಹಾಗೆಯೇ ಕೈಮಗ್ಗ ಅಭಿವೃದ್ಧಿ ನಿಗಮದ ಮಗ್ಗಗಳಿಗೆ ವರ್ಷಗಟ್ಟಲೆ ಕೆಲಸ ಕೊಟ್ಟದ್ದು ಸರ್ಕಾರಿ ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆ. ಬಣ್ಣವಿಲ್ಲ, ಬೆಡಗಿಲ್ಲ, ಯಾವ ಚಾರಣಿಗನೂ ಅದರ ಚಿತ್ರ ತೆಗೆಯುವುದಿಲ್ಲ.

ಇನ್ನು ಮುಕ್ಕುಂದದ ಕಡೆಗೆ ಬರೋಣ. ಮಗ್ಗವಿಲ್ಲ ಎಂದೆನಲ್ಲ, ಆದರೆ ಈ ಸೀಮೆಯಲ್ಲಿ ಕೌದಿ ಇಲ್ಲದ ಮನೆ ಕಡಿಮೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಧೋತರದ ತುಂಡು, ಕುಪ್ಪಸದ ಖಣ, ಮಗುವಿನ ಅಂಗಿಯ ಬೆನ್ನು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸಾಲು ಸಾಲು ಹೊಲಿಯುತ್ತ ಬರುವುದು. ದಬ್ಬಣದಂಥ ಸೂಜಿ, ಎರಡೆಳೆ ದಾರ. ಪದರ ದಪ್ಪವಾದಲ್ಲಿ ಸೂಜಿಯನ್ನು ನೆಲಕ್ಕೆ ಒತ್ತಿ ಮೇಲೆತ್ತಬೇಕು. ಮನೆಯವರಿಗೆ ಪುರಸೊತ್ತಿಲ್ಲದಿದ್ದರೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಕೂಲಿ ರೊಕ್ಕವೋ ಜೋಳವೋ. ನೂಲಿಗೆ ಪರದಾಟವಿಲ್ಲ, ಉಡುವವರೇ ಕಚ್ಚಾಮಾಲು ಕೊಡುವವರು, ಹೊದೆಯುವವರೂ ಅವರೇ. ಜವಳಿ ನಡಿಗೆಯವರ ಪಟ್ಟಿಯಲ್ಲಿ ಇದು ಬರುವುದೇ ಇಲ್ಲ, ಯಾಕೆಂದರೆ ಇದು ಪುರಾತನವಾಗಿ ಕಾಣುವುದಿಲ್ಲ: ಕೌದಿಯ ಮಧ್ಯದಲ್ಲಿ ಪಾಲಿಯೆಸ್ಟರ್ ಸೀರೆಯ ಗುಲಾಬಿ ಇರುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರು ಹೊಲಿಯುವುದೂ ಇಂಥದೇ ಹೊದಿಕೆ. ಮೂಲೆಗಳಿಗೆ ‘ಫೂಲ’ ಎಂಬ ತ್ರಿಕೋನದ ತುಂಡುಗಳನ್ನು ಹಾಕುತ್ತಾರೆ. ಅದಿಲ್ಲದ ಹೊದಿಕೆ ಅವರ ಪಾಲಿಗೆ ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವುಗಳನ್ನು ಗಮನಿಸಿ, ಹೆಂಗಸರ ಜೊತೆ ಸೇರಿ ಒಂದು ಸಂಘ ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಅಲ್ಲಿ ಗೋಡೆಗೆ ಏರಿದ್ದು ಇಲ್ಲಿ ಅಟ್ಟದ ಮೇಲಿದೆ. ಕೌದಿಯೂ ಹಾಗೆ ಗೋಡೆಗೆ ಏರಲಿ ಎಂಬ ಹಂಬಲ ನನಗಿಲ್ಲ. ಗೋಡೆಗೆ ಏರಿದ ಹೊದಿಕೆ ಯಾರನ್ನೂ ಚಳಿಯಿಂದ ಕಾಯುವುದಿಲ್ಲ. ಆದರೆ ಕಟ್ಟೆಯ ಮೇಲೆ ಕೂತು ಹೊಲಿಯುವವಳ ಕೂಲಿ ಹತ್ತಿ ಬಿಡಿಸುವ ಕೂಲಿಗಿಂತ ಮೇಲೆ ಹೋಗಬೇಕಾದರೆ ಅದನ್ನು ಕಸುಬೆಂದು ಗುರುತಿಸುವ ಯಾರಾದರೂ ಬೇಕು.

ಹತ್ತಿ ಎಂದಾಗ ಇನ್ನೊಂದು ಮಾತು. ರಾಯಚೂರು ನಾಡಿನ ದೊಡ್ಡ ಹತ್ತಿ ಪೇಟೆಗಳಲ್ಲಿ ಒಂದು. ಹತ್ತಿ ಇಲ್ಲಿಯದು, ನೇಕಾರರು ಮುದಗಲ್ಲಿನ ಆಚೆಯೇ ಇದ್ದಾರೆ, ಆದರೆ ನಡುವೆ ಬೇಕಾದ ನೂಲಿನ ಗಿರಣಿ ಬೇರೆಡೆ. ಹೊಲದಲ್ಲಿ ಬೆಳೆಯುತ್ತಿರುವುದು 2002ರ ನಂತರ ಬಂದ ಬಿಟಿ ತಳಿಗಳು. ಕೈನೂಲಿಗೆ ಒಗ್ಗುತ್ತಿದ್ದ ಜಯಧರದಂಥ ದೇಸಿ ಹತ್ತಿಯನ್ನು ಹುಡುಕಿಕೊಂಡು ಹೋಗಬೇಕು. ಅರಳೆ ಲಾರಿ ಹತ್ತಿ ಹೋಗುತ್ತದೆ, ನೂಲು ಇನ್ನೊಂದು ಲಾರಿಯಲ್ಲಿ ಬರುತ್ತದೆ, ಎರಡೂ ಲಾರಿಯ ಬಾಡಿಗೆ ಸೀರೆಯ ಬೆಲೆಯಲ್ಲಿ ಸೇರುತ್ತದೆ, ಮಜೂರಿಯಲ್ಲಿ ಕಳೆಯುತ್ತದೆ.

ಆದ್ದರಿಂದ ಯಾರಾದರೂ ಈ ಭಾಗದಲ್ಲಿ ಜವಳಿ ನಡಿಗೆ ಏರ್ಪಡಿಸುವುದಾದರೆ ಏರ್ಪಡಿಸಲಿ, ಬೇಡ ಎನ್ನಲು ನಾನಾರು? ಮಸ್ಕಿಯ ಗುಡ್ಡವನ್ನೂ ಹತ್ತಲಿ. ಇಳಿದ ಮೇಲೆ ಕುರಿದೊಡ್ಡಿಗೆ ಹೋಗಿ ಉಣ್ಣೆಯ ಬೆಲೆ ಕೇಳಲಿ, ಹತ್ತಿ ಮಾರುಕಟ್ಟೆಯಲ್ಲಿ ಅರ್ಧ ದಿನ ನಿಲ್ಲಲಿ, ತಾಂಡಾದಲ್ಲಿ ಬೀಗ ಹಾಕಿದ ಮನೆಗಳು ಯಾರವು ಎಂದು ವಿಚಾರಿಸಲಿ, ಇಳಕಲ್ಲಿನಲ್ಲಿ ಮಗ್ಗಕ್ಕಿಂತ ಮೊದಲು ಬಣ್ಣದ ಮನೆಗೂ ಹಾಸು ಹೂಡುವ ಮನೆಗೂ ಹೋಗಲಿ. ಮಜೂರಿ ಸೀರೆಯ ಲೆಕ್ಕದಲ್ಲಿ ಸಿಗುವವನ ಮಗ್ಗವನ್ನು ಒಂದು ಗಂಟೆ ನಿಲ್ಲಿಸಿದರೆ ಆ ಗಂಟೆ ಅವನ ಜೇಬಿನಿಂದ ಹೋಗುತ್ತದೆ. ಅದನ್ನು ತುಂಬಿಕೊಡುವುದು ಬಕ್ಷೀಸು ಅಲ್ಲ, ಬಾಕಿ. ಕೊಂಡಿ ಹಾಕುವವಳಿಗೂ ಅಷ್ಟೇ ಸಲ್ಲಬೇಕು, ಅವಳ ಕೈಗೇ. ಹೀಗೆ ಮಾಡಿದರೆ ದರ ಏರುತ್ತದೆ, ಜನ ಬರುವುದಿಲ್ಲ ಎಂದು ಏರ್ಪಡಿಸುವವರು ಹೇಳಬಹುದು. ಬರಿಯ ಬೂಟಿಗೆ ಎರಡು ಇಳಕಲ್ ಸೀರೆಯ ಬೆಲೆ ಕೊಟ್ಟು ಬಂದವರನ್ನು ಕುರಿತು ಅವರು ಈ ಮಾತು ಆಡುತ್ತಿದ್ದಾರೆ.